ಹತ್ತೊಂಬತ್ತನೇ ಹಸಿರು

"ನಿಮ್ಮ ಮಷೀನ್ ಸುಳ್ಳು ಹೇಳ್ತಿದೆ!"

ಲ್ಯಾಬಿನ ಕಿಟಕಿಯ ಗಾಜಿಗೆ ರಿಪೋರ್ಟನ್ನು ಪಟಾರನೆ ಬಡಿದು ಅವಳು ಕೂಗಿದಾಗ, ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ತಮ್ಮ ತಮ್ಮ ಕಾಯಿಲೆ ಮರೆತು ಕತ್ತು ಚಾಚಿದರು.

ಒಳಗೆ ಕುಳಿತಿದ್ದವನು ತಲೆ ಎತ್ತಿದ. ಅರ್ಧ ಮುಖ ಮಾಸ್ಕಿನಲ್ಲಿ ಅಡಗಿತ್ತು. ಉಳಿದರ್ಧದಲ್ಲಿ ಎರಡು ಕಣ್ಣು. ಎಷ್ಟು ತಣ್ಣಗಿನ ಕಣ್ಣೆಂದರೆ, ನೋಡಿದ್ದೇ ಅವಳ ಮೈ ಇನ್ನಷ್ಟು ಉರಿಯಿತು.

"ಎರಡು ಸಲ ಹಾಕಿ ನೋಡಿದ್ದೀನಿ ಮೇಡಂ. ಹಿಮೋಗ್ಲೋಬಿನ್ ಎಂಟು ಪಾಯಿಂಟ್ ಒಂದೇ."

"ಹೋದ ತಿಂಗಳು ಎಂಟು ಪಾಯಿಂಟ್ ಮೂರು ಇತ್ತು! ತಿಂಗಳಿಡೀ ತಪ್ಪದೆ ಕಬ್ಬಿಣದ ಮಾತ್ರೆ ನುಂಗಿದ್ದಾಳೆ ನಮ್ಮಕ್ಕ. ಏರಬೇಕೋ, ಇಳಿಯಬೇಕೋ?"

"ಏರಬೇಕು."

"ಮತ್ತೆ?"

"ಇಳಿದಿದೆ."

ಅಬ್ಬಾ, ಉತ್ತರವೇ! ಅವಳಿಗೆ ಆ ಗಾಜನ್ನು ಒಡೆದು ಒಳಗೆ ಕೈ ಹಾಕುವಷ್ಟು ಸಿಟ್ಟು ಬಂತು.

ಅವಳ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಅಕ್ಕನ ಗರ್ಭಕೋಶದಲ್ಲಿ ಗಡ್ಡೆ. ತಿಂಗಳು ತಿಂಗಳೂ ರಕ್ತ ಸುರಿದು ಹೋಗುತ್ತಿತ್ತು. ರಕ್ತ ಹತ್ತಕ್ಕೆ ಏರಿದರೆ ಮಾತ್ರ ಆಪರೇಷನ್ ಎಂದು ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಪ್ಪ ಅಮ್ಮ ಹೋದ ಮೇಲೆ ಹತ್ತು ವರ್ಷದ ತಂಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಅಕ್ಕ, ಊರಿನ ಬಸ್ಸನ್ನು ಒಂದು ಕೈಯಲ್ಲಿ ತಿರುಗಿಸುತ್ತಿದ್ದ ಡ್ರೈವರಕ್ಕ, ಈಗ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇವತ್ತಿನ ಈ ಒಂದು ಸಂಖ್ಯೆಯಿಂದ ಆಪರೇಷನ್ ಮತ್ತೆ ಮುಂದಕ್ಕೆ ಹೋಗಿತ್ತು.

"ನೋಡಿ, ನಾನೂ ಮಷೀನ್ ಜೊತೆ ಬದುಕೋಳೇ," ಎಂದಳು ಹಲ್ಲು ಕಡಿದು. "ಬಣ್ಣದಂಗಡೀಲಿ ಪೇಂಟ್ ಬೆರೆಸ್ತೀನಿ. ಬೆಳಿಗ್ಗೆ ಕೊಳವೆ ಬಾಯಿ ಒರೆಸದೆ ಇದ್ರೆ ನನ್ನ ಮಷೀನು ಹಳದಿ ಕೇಳಿದ್ರೆ ಹಸಿರು ಉಗುಳುತ್ತೆ. ನಿಮ್ಮದನ್ನ ಕೊನೇ ಸಲ ಒರೆಸಿದ್ದು ಯಾವಾಗ?"

ಅವನು ಒಂದು ಕ್ಷಣ ಅವಳ ಬೆರಳುಗಳನ್ನೇ ನೋಡಿದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಒಣಗಿತ್ತು.

"ಕೈ ಕೊಡಿ," ಎಂದ.

"ಏನಂದ್ರಿ?"

"ನಿಮ್ಮ ಕೈ. ರಕ್ತ ತಗೋತೀನಿ. ಮಷೀನ್ ಕೆಟ್ಟಿದ್ರೆ ನಿಮ್ಮದೂ ಕಡಿಮೆ ತೋರಿಸಬೇಕಲ್ಲ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ತೋಳು ಮಡಚಿ ಕುರ್ಚಿಯಲ್ಲಿ ದೊಪ್ಪನೆ ಕುಳಿತಳು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಅದೂ ಅವಳಿಗೆ ಸಿಟ್ಟೇ! ಸ್ವಲ್ಪ ನೋಯಿಸಿದ್ದರೆ ಬೈಯಲು ಇನ್ನೊಂದು ನೆಪ ಸಿಗುತ್ತಿತ್ತು.

ಹತ್ತು ನಿಮಿಷದ ಮೇಲೆ ಚೀಟಿ ಕಿಟಕಿಯಿಂದ ಹೊರಬಂತು.

"ಹದಿಮೂರು ಪಾಯಿಂಟ್ ಒಂದು. ಮಷೀನ್ ಸರಿಯಾಗಿದೆ ಮೇಡಂ."

ಸೋತವರಿಗೆ ಬರುವ ಕೋಪವೇ ಬೇರೆ. ಅವಳು ಚೀಟಿಯನ್ನು ಮುದುರಿ ಚೀಲಕ್ಕೆ ತುರುಕಿದಳು, ದೂರಿನ ಪುಸ್ತಕ ಕೇಳಿ ತೆಗೆದುಕೊಂಡು ಪುಟದ ತುಂಬ ಗೀಚಿದಳು. ಮನಸ್ಸಿನಲ್ಲಿ ಅವನಿಗೆ ಆಗಲೇ ಒಂದು ಹೆಸರಿಟ್ಟಾಗಿತ್ತು... ಸೂಜಿ!

* * *

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಡುಗೆಮನೆಯಲ್ಲಿ ಅವಳು ಮಾಚಾ ಎಂಬ ಜಪಾನಿನ ಹಸಿರು ಚಹಾ ಪುಡಿಯ ಮೇಲೆ ತನ್ನ ಸಿಟ್ಟೆಲ್ಲ ತೀರಿಸಿಕೊಳ್ಳುತ್ತಿದ್ದಳು.

ಒಂದು ಚಮಚ ಪುಡಿಯನ್ನು ಚಹಾ ಸೋಸುವ ಜರಡಿಯಲ್ಲಿ ಜಾಲಿಸಿದಳು. ಜಾಲಿಸದಿದ್ದರೆ ಗಂಟು ಕಟ್ಟುತ್ತದೆ. ಕುದಿಸಿದ ನೀರನ್ನು ಐದು ನಿಮಿಷ ಆರಲು ಬಿಟ್ಟಿದ್ದಳು, ಏಕೆಂದರೆ ಕುದಿಯುವ ನೀರು ಬಿದ್ದರೆ ಮಾಚಾ ಕಹಿಯಾಗುತ್ತದೆ. ಕಾಲು ಲೋಟ ನೀರು ಸುರಿದು, ಬಿದಿರಿನ ಕಡಗೋಲಿನಂಥ ಪುಟ್ಟ ಬ್ರಷ್ಷಿನಿಂದ ಆಚೆಗೂ ಈಚೆಗೂ ಬಡಬಡ ಆಡಿಸಿದಳು. ನೊರೆ ಬಂತು. ಸಾಮಾನ್ಯವಾಗಿ ಅರ್ಧ ನಿಮಿಷ ಸಾಕು. ಇವತ್ತು ಸೂಜಿಯ ಮುಖ ನೆನಪಿಸಿಕೊಂಡು ಎರಡು ನಿಮಿಷ ಬಡಿದಳು.

ಗಾಜಿನ ಲೋಟದ ತಳಕ್ಕೆ ಸಕ್ಕರೆ ಹಾಕಿ ಅರೆದ ಸ್ಟ್ರಾಬೆರಿ. ಅದರ ಮೇಲೆ ತಣ್ಣನೆ ಹಾಲು. ಎಲ್ಲಕ್ಕಿಂತ ಮೇಲೆ, ಚಮಚದ ಬೆನ್ನಿನ ಮೇಲಿಂದ ನಿಧಾನಕ್ಕೆ ಇಳಿಬಿಟ್ಟ ಹಸಿರು. ಕೆಂಪು, ಬಿಳಿ, ಹಸಿರು... ಮೂರು ಪಟ್ಟೆ!

ಬಣ್ಣದ ಆಸೆಗೇ ಅವಳು ವರ್ಷದ ಹಿಂದೆ ಈ ಪುಡಿ ಕೊಂಡದ್ದು. ಕುಡಿಯುತ್ತಾ ಗುಣವೂ ಹಿಡಿಸಿತು. ಕಾಫಿ ಕುಡಿದರೆ ಎದೆ ಡವಡವ ಎಂದು ಪೇಂಟ್ ಅಳೆಯುವಾಗ ಕೈ ನಡುಗುತ್ತಿತ್ತು. ಮಾಚಾ ಹಾಗಲ್ಲ. ಮನಸ್ಸು ಎಚ್ಚರವಾಗಿರುತ್ತದೆ, ಕೈ ಸಮಾಧಾನವಾಗಿರುತ್ತದೆ. ಎಲೆಯನ್ನು ಸೋಸಿ ಎಸೆಯದೆ ಪುಡಿಯಾಗಿ ಪೂರ್ತಿ ಕುಡಿಯುವುದರಿಂದ ಅದರ ಸತ್ವವೂ ಪೂರ್ತಿ ಸಿಗುತ್ತದೆ, ದೇಹ ಸವೆಯುವುದನ್ನು ತಡೆಯುತ್ತದೆ ಎಂದೆಲ್ಲ ಡಬ್ಬಿಯ ಮೇಲೆ ಓದಿ ಬಾಯಿಪಾಠ ಮಾಡಿದ್ದಳು.

ಹೋದ ತಿಂಗಳು ಲ್ಯಾಬಿನಿಂದ ಬಂದ ಅಕ್ಕ, "ಹಸಿರು ಜಾಸ್ತಿ ತಗೋಬೇಕಂತೆ ಕಣೇ" ಎಂದಾಗ ಅವಳ ತಲೆಗೆ ಇನ್ನೇನು ಹೊಳೆಯಬೇಕು? ದಿನವೂ ನಲವತ್ತೊಂದು ಬಗೆಯ ಹಸಿರು ಬೆರೆಸುವವಳು! ಅವಳ ಪಾಲಿಗೆ ಹಸಿರೆಂದರೆ ಮೊದಲು ಬಣ್ಣ, ಆಮೇಲೆ ಮಿಕ್ಕಿದ್ದು. ಅಂದಿನಿಂದ ಅಕ್ಕನ ಮಾತ್ರೆಗೂ ಇದೇ ಲೋಟ ಜೊತೆಯಾಯಿತು.

"ನಿನ್ನ ಮೂಗಿನ ಮೇಲೆ ಮಚ್ಚೆ ಆಗಿದೆ ನೋಡೇ," ಎಂದಳು ಅಕ್ಕ, ಮೇಜಿನ ಮುಂದೆ ಕುಳಿತು.

"ಮಚ್ಚೆ ಅಲ್ಲಕ್ಕಾ, ಮಾಚಾ!"

"ಅದೇ, ಮಚ್ಚೆ. ಯಾರ ಮೇಲಿನ ಕೋಪಕ್ಕೆ ಹಾಗೆ ಬಡೀತಿದ್ದೆ? ಆ ಲ್ಯಾಬ್ ಹುಡುಗ ಪಾಪ ಒಳ್ಳೆಯವನು. ಮಾತಾಡಿಸ್ಕೊಂಡೇ ರಕ್ತ ತೆಗೀತಾನೆ."

"ಒಳ್ಳೆಯವನಂತೆ! ಹೆಸರೆತ್ತಬೇಡ, ಮೈ ಉರಿಯುತ್ತೆ."

ಆಗಲೇ ಬಾಗಿಲು ತಟ್ಟಿದ ಸದ್ದು. ತೆರೆದರೆ... ಸೂಜಿ! ಮುಖಕ್ಕೆ ಅದೇ ಮಾಸ್ಕ್, ಕೈಯಲ್ಲಿ ಪೆಟ್ಟಿಗೆ.

"ನಿಮ್ಮ ದೂರು ಓದಿ ನಮ್ಮ ಯಜಮಾನರು ಕಳಿಸಿದ್ರು. ಅಕ್ಕಂದು ಇನ್ನೊಂದು ಸಲ ಸ್ಯಾಂಪಲ್..."

ಮಾತು ಅಲ್ಲೇ ನಿಂತಿತು. ಅಕ್ಕ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಲೋಟ ಎತ್ತಿದ್ದಳು.

"ಏಯ್, ಬೇಡ!"

ಎರಡೇ ಹೆಜ್ಜೆಯಲ್ಲಿ ಒಳಬಂದು ಅವನು ಲೋಟ ಕಿತ್ತುಕೊಂಡ. ಹಸಿರು, ಬಿಳಿ, ಕೆಂಪು ಎಲ್ಲ ಕಲಸಿ ತಂಗಿಯ ಕುಪ್ಪಸದ ಮೇಲೆ ಚೆಲ್ಲಿತು.

"ತಲೆ ಕೆಟ್ಟಿದೆಯಾ ನಿಮಗೆ?" ಎಂದು ಅವಳು ಕಿರುಚಿದಳು.

"ಇದು ಮಾಚಾ ಅಲ್ವಾ? ದಿನಾ ಇದರ ಜೊತೆಗೇನಾ ಮಾತ್ರೆ? ಒಂದು ತಿಂಗಳಿಂದ?" ಅವನ ಕಣ್ಣಿನ ತಂಪೆಲ್ಲ ಎಲ್ಲಿಗೋ ಹೋಗಿತ್ತು. "ಇದರ ಒಗರು ಇದೆಯಲ್ಲ, ಅದು ಮಾತ್ರೆಯಲ್ಲಿರೋ ಕಬ್ಬಿಣನ ಹಿಡಿದಿಟ್ಟುಕೊಳ್ಳುತ್ತೆ. ಮೈಗೆ ಹತ್ತೋಕೆ ಬಿಡಲ್ಲ. ಮೇಲೆ ಹಾಲು ಬೇರೆ! ಮಷೀನ್ ಅಲ್ಲ ಮೇಡಂ ತಪ್ಪು. ನೀವು! ನಿಮ್ಮ ಕೈಯಾರೆ ನಿಮ್ಮಕ್ಕನ ರಕ್ತ ಏರದ ಹಾಗೆ ತಡೆದಿದ್ದೀರಿ!"

ಅವಳು ಕುಪ್ಪಸದ ಮೇಲಿಂದ ಇಳಿಯುತ್ತಿದ್ದ ಹಸಿರನ್ನು ನೋಡಿದಳು.

*ನಾನಾ? ನಾನೇನಾ...?*

ದಿನವೂ ಅರ್ಧ ಗಂಟೆ ಮುಂಚೆ ಎದ್ದು, ಸ್ಟ್ರಾಬೆರಿ ಆರಿಸಿ, ಅಕ್ಕ ಕೊನೆಯ ಹನಿ ಕುಡಿಯುವವರೆಗೂ ಕಾದು ನಿಲ್ಲುತ್ತಿದ್ದಳಲ್ಲ! ಆದರೆ ಅಳು ಬರುವ ಮೊದಲು ಕೋಪ ಬಂತು. ಅವಳ ಜಾತಕವೇ ಹಾಗೆ.

"ಹಸಿರು ಜಾಸ್ತಿ ಕೊಡಿ ಅಂದವರು ಯಾರು ಹಾಗಾದ್ರೆ? ಯಾವ ಪುಣ್ಯಾತ್ಮ ಹೇಳಿದ್ದು?"

ಅಕ್ಕ ಮಾತ್ರೆಯನ್ನು ಅಂಗೈಗೆ ಉಗುಳಿ ಮೆಲ್ಲಗೆ ಎಂದಳು, "ಇವನೇ ಕಣೇ."

ಅವನ ಮುಖ ಸುಣ್ಣವಾಯಿತು. "ನಾನು... ಸೊಪ್ಪು ಅನ್ನೋ ಅರ್ಥದಲ್ಲಿ..."

"ಸೊಪ್ಪು ಅನ್ನೋಕೆ ಬಾಯಿಗೆ ಏನಾಗಿತ್ತು? ಡಾಕ್ಟರಾ ನೀವು? ರಕ್ತ ತೆಗೆಯೋರು ರಕ್ತ ತೆಗೀಬೇಕು! ಒಂದು ಮಾತು ನೆಟ್ಟಗೆ ಆಡೋಕೆ ಬರದೆ ನಮ್ಮಕ್ಕನ ಒಂದು ತಿಂಗಳು ನುಂಗಿದ್ರಿ. ಹೋಗಿ! ಇನ್ನೊಂದು ಸಲ ನನ್ನ ಕಣ್ಣಿಗೆ ಬೀಳಬೇಡಿ!"

ಅವನು ಪೆಟ್ಟಿಗೆ ಎತ್ತಿಕೊಂಡ. ಬಾಗಿಲಲ್ಲಿ ಒಮ್ಮೆ ತಿರುಗಿ ಅವಳ ಮುಖ ನೋಡಿ ಮೆಟ್ಟಿಲಿಳಿದು ಹೋದ.

ಆಮೇಲೆ ಅವಳು ನೆಲ ಒರೆಸುತ್ತಾ ಒರೆಸುತ್ತಾ ಅತ್ತಳು.

* * *

ಡಾಕ್ಟರಮ್ಮ ಬೈಯಲಿಲ್ಲ. "ಮಾಚಾ ವಿಷ ಏನಲ್ಲಮ್ಮ, ಒಳ್ಳೆಯದೇ. ಆದ್ರೆ ಮಾತ್ರೆಗೂ ಊಟಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಅಕ್ಕಂಗೆ ರಕ್ತ ಏರೋ ತನಕ ಪೂರ್ತಿ ನಿಲ್ಲಿಸು. ಮಾತ್ರೆ ಜೊತೆ ನಿಂಬೆಹಣ್ಣಿನ ನೀರು ಕೊಡು, ಬೇಗ ಹತ್ತುತ್ತೆ," ಎಂದರು.

ಅಷ್ಟೇ. ನಿಂಬೆಹಣ್ಣು! ಒಂದು ತಿಂಗಳ ಒದ್ದಾಟಕ್ಕೆ ಇಷ್ಟು ಸಣ್ಣ ಉತ್ತರ ಎಂದು ಅವಳಿಗೆ ಇಡೀ ಲೋಕದ ಮೇಲೆಯೇ ಸಿಟ್ಟು ಬಂತು. ತನ್ನ ಮೇಲೆ ಬಂದ ಸಿಟ್ಟನ್ನು ಇಡಲು ಜಾಗ ಸಾಲದೆ ಅದನ್ನೂ ಸೂಜಿಯ ತಲೆಗೇ ಕಟ್ಟಿದಳು.

ಹತ್ತು ದಿನ ಕಳೆದಿರಬೇಕು. ಅಂಗಡಿಯಲ್ಲಿ ಡಬ್ಬದ ಮುಚ್ಚಳ ಸುತ್ತಿಗೆಯಿಂದ ಬಡಿದು ತಲೆ ಎತ್ತಿದರೆ, ಕಟ್ಟೆಯಾಚೆ ಅವನು. ಮಾಸ್ಕ್ ಇರಲಿಲ್ಲ. ಗಲ್ಲದಲ್ಲಿ ಸಣ್ಣ ಗುಳಿ ಇರುವುದು ಆಗ ಕಂಡಿತು. ಕಂಡದ್ದಕ್ಕೂ ಅವಳಿಗೆ ಕೋಪವೇ.

"ಕಣ್ಣಿಗೆ ಬೀಳಬೇಡಿ ಅಂದಿದ್ದೆ."

"ಬಣ್ಣ... ಬೇಕಿತ್ತು."

"ಯಾವುದು?"

"ಹಸಿರು."

ಸುತ್ತಿಗೆ ಟಣ್ಣೆಂದು ಕಟ್ಟೆಯ ಮೇಲೆ ಬಿತ್ತು. "ಯಾವ ಹಸಿರು? ನಲವತ್ತೊಂದು ಇವೆ ನನ್ನ ಹತ್ರ. ಇನ್ನೂ ಬುದ್ಧಿ ಬಂದಿಲ್ವಾ ನಿಮಗೆ?"

"ಎಲ್ಲ ಹಸಿರೂ ಇರೋ ಕಾರ್ಡ್ ಒಂದು ಕೊಡ್ತೀರಾ?"

*ಅಣಕಿಸೋಕೆ ಬಂದಿದ್ದಾನೆ!* ಅವಳು ಬಣ್ಣದ ಕಾರ್ಡನ್ನು ಅವನತ್ತ ಎಸೆದ ಹಾಗೆ ಕೊಟ್ಟು ಬೆನ್ನು ತಿರುಗಿಸಿದಳು. ಸ್ವಲ್ಪ ಹೊತ್ತು ಅವನ ನೆರಳು ಅಲ್ಲೇ ಇತ್ತು. ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ.

*ಹೋಗ್ಲಿ ಬಿಡು, ನನಗೇನು!*

ಹಾಗೆಂದುಕೊಂಡವಳು ಆ ಸಂಜೆ ಗಿರಾಕಿಯೊಬ್ಬರಿಗೆ ಬೂದು ಬಣ್ಣದ ಬದಲು ತಿಳಿ ನೇರಳೆ ಬೆರೆಸಿ ಕೊಟ್ಟು ಯಜಮಾನರ ಕೈಲಿ ಬೈಸಿಕೊಂಡಳು. ಮಾಚಾದ ಡಬ್ಬಿಯನ್ನಂತೂ ಅಟ್ಟದ ಮೇಲೆ ಎಸೆದಾಗಿತ್ತು.

* * *

ನಿಂಬೆಹಣ್ಣಿನ ನೀರು ಶುರುವಾಗಿ ಏಳನೆಯ ವಾರ. ಅಕ್ಕನ ಕೈ ಹಿಡಿದುಕೊಂಡು ಲ್ಯಾಬಿಗೆ ಹೋದಾಗ, ನಿಜ ಹೇಳಬೇಕೆಂದರೆ, ಅವಳು ಜಗಳಕ್ಕೆ ನಾಲ್ಕು ಮಾತು ಹೊಂದಿಸಿಕೊಂಡೇ ಹೋಗಿದ್ದಳು.

ಕಿಟಕಿಯಲ್ಲಿ ಬೇರೆ ಯಾರೋ ಹೆಂಗಸು ಕುಳಿತಿದ್ದರು. ಹೊಂದಿಸಿಕೊಂಡ ಮಾತು ಬಾಯಲ್ಲೇ ಉಳಿಯಿತು.

ಆದರೆ ಗಾಜಿನ ಮೇಲೆ... ತನ್ನ ಅಂಗಡಿಯ ಬಣ್ಣದ ಕಾರ್ಡ್! ಮೂವತ್ತನಾಲ್ಕನೇ ನಂಬರಿನ ಕಡುಹಸಿರಿಗೆ ಸುತ್ತು ಹಾಕಿ, "ಹಸಿರು ಎಂದರೆ ಇದು, ಸೊಪ್ಪು. ಊಟದಲ್ಲಿ ತಿನ್ನಿ" ಎಂದು ಬರೆದಿತ್ತು. ಹದಿನೇಳನೇ ನಂಬರಿಗೆ ಸುತ್ತು ಹಾಕಿ, "ಇದು ಮಾಚಾ. ಕಬ್ಬಿಣದ ಮಾತ್ರೆಯ ಜೊತೆ ಬೇಡ. ಚಹಾ, ಕಾಫಿ, ಹಾಲೂ ಬೇಡ. ಎಷ್ಟು ಅಂತರ ಬೇಕು ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ನಮ್ಮನ್ನಲ್ಲ" ಎಂದಿತ್ತು.

ಕಿಟಕಿಯ ಹೆಂಗಸು ದೂರಿನ ಪುಸ್ತಕ ಮುಂದೆ ತಳ್ಳಿದರು. "ನಿಮ್ಮ ದೂರು ಇನ್ನೂ ಮುಗಿದಿಲ್ಲ. ಓದಿ ಒಂದು ಸೈನ್ ಹಾಕಿ."

ಅವಳ ಗೀಚು ಅಕ್ಷರದ ಕೆಳಗೆ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: *ಮಷೀನ್ ಸರಿಯಿತ್ತು. ನಾನು ಆಡಿದ ಮಾತು ಸರಿಯಿರಲಿಲ್ಲ. ನನ್ನದಲ್ಲದ ಸಲಹೆ ಕೊಟ್ಟೆ, ಅದನ್ನೂ ಅರ್ಧ ಕೊಟ್ಟೆ. ಅಷ್ಟು ಸಾಲದೆ, ಅಕ್ಕನಿಗಾಗಿ ಬೆಳಗಾಗೆದ್ದು ದುಡಿಯುವವರನ್ನು ಅವರ ಮನೆಯಲ್ಲೇ ನಿಂತು ಬೈದೆ. ನನ್ನನ್ನು ಕಿಟಕಿಯಿಂದ ತೆಗೆದು ಒಳಗಿನ ಕೆಲಸಕ್ಕೆ ಹಾಕಬೇಕೆಂದು ಕೇಳಿಕೊಂಡಿದ್ದೇನೆ.*

ಅವಳು ಎರಡು ಸಲ ಓದಿದಳು. ಮೂರನೆಯ ಸಲ ಅಕ್ಷರ ಮಂಜಾದವು.

"ಅವರು... ಒಳಗಿದ್ದಾರಾ?"

"ಇದ್ದಾರೆ. ಯಾರೋ ಕಣ್ಣಿಗೆ ಬೀಳಬೇಡ ಅಂದಿದ್ದಾರಂತೆ. ನೀವು ಬಂದಿದ್ದು ಕಂಡಿದ್ದೇ ಒಳಗೆ ಹೋದ್ರು."

ರಿಪೋರ್ಟ್ ಬಂತು. ಹತ್ತು ಪಾಯಿಂಟ್ ಎರಡು! ಅಕ್ಕ ಅಲ್ಲೇ ಅವಳನ್ನು ತಬ್ಬಿಕೊಂಡಳು. ಅವಳು ನಗುತ್ತಿದ್ದಳು, ಆದರೆ ಕಣ್ಣು ಒಳಗಿನ ಬಾಗಿಲಿನ ಮೇಲೆಯೇ ಇತ್ತು. ಬಾಗಿಲು ತೆರೆಯಲಿಲ್ಲ. ಅವಳೂ ಕರೆಯದೆ ಅಕ್ಕನ ಕೈ ಹಿಡಿದು ಹೊರಟಳು.

* * *

ಆಪರೇಷನ್ ಚೆನ್ನಾಗಿ ಆಯಿತು. ಮೂರನೆಯ ದಿನ ದಿಂಬಿಗೆ ಒರಗಿ ಕುಳಿತ ಅಕ್ಕ, ತಂಗಿಯ ಬಾಡಿದ ಮುಖವನ್ನು ಬಹಳ ಹೊತ್ತು ನೋಡಿದಳು.

"ಪುಟ್ಟೀ, ಒಂದು ವಿಷಯ ಹೇಳ್ತೀನಿ. ಹೊಟ್ಟೆಗೆ ಹೊಲಿಗೆ ಹಾಕಿದ್ದಾರೆ, ಬೈಬೇಡ."

"ಏನಕ್ಕಾ?"

"ಅವನು ಹಸಿರು ಅಂದಾಗ... ನನಗೆ ಸೊಪ್ಪು ಅಂತಲೇ ಅರ್ಥ ಆಗಿತ್ತು."

ಅವಳು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದಳು.

"ಸೊಪ್ಪು ಅಂದ್ರೆ ನನಗೆ ಚಿಕ್ಕಂದಿನಿಂದ ಆಗಲ್ಲ, ನಿನಗೆ ಗೊತ್ತು. ನೀನು ಸ್ಟ್ರಾಬೆರಿ ಹಾಕಿ ಅಷ್ಟು ಚೆಂದ ಮಾಡಿ ತಂದೆ. ಇದೂ ಹಸಿರೇ ತಾನೆ ಅಂತ ಸುಮ್ಮನಿದ್ದೆ. ಅವತ್ತು ಅವನನ್ನ ನೀನು ಆಚೆಗೆ ಅಟ್ಟಿದಾಗ್ಲೂ ಹೆದರಿ ಸುಮ್ಮನಿದ್ದುಬಿಟ್ಟೆ."

"ಅಕ್ಕಾ...!"

"ಹೊಲಿಗೆ, ಹೊಲಿಗೆ!"

ಒಂದು ಕ್ಷಣ ಅವಳು ಕೆಂಡಾಮಂಡಲವಾದಳು. "ಬಸ್ಸಲ್ಲಿ ಅಷ್ಟು ಜನರ ಜೀವ ಕೈಲಿಟ್ಕೊಂಡು ಓಡಿಸ್ತೀಯ, ಒಂದು ಹಿಡಿ ಸೊಪ್ಪಿಗೆ ನಿನ್ನ ಜೀವ ಪಣಕ್ಕಿಟ್ಟೆಯಾ! ನೀನಿಲ್ಲದೆ ನನಗೆ ಯಾರಿದ್ದಾರೆ ಅಂತ..." ಮಾತು ಮುಗಿಯುವ ಮೊದಲೇ ಅಳು ನುಗ್ಗಿತು. ಅಕ್ಕನ ಅಂಗೈಯಲ್ಲಿ ಮುಖವಿಟ್ಟು ಬಿಕ್ಕಿದಳು.

ಅಕ್ಕ ಅವಳ ತಲೆ ಸವರಿದಳು. "ಮೂರೂ ಜನ ತಪ್ಪು ಮಾಡಿದ್ವಿ. ಒಪ್ಪಿಕೊಂಡು ಬರೆದು ಗಾಜಿಗೆ ಅಂಟಿಸಿದವನು ಅವನೊಬ್ಬನೇ. ಎದ್ದು ಹೋಗು. ಅಟ್ಟದ ಮೇಲಿಂದ ಆ ಮಚ್ಚೆ ಡಬ್ಬಿ ಇಳಿಸು."

* * *

ಮಧ್ಯಾಹ್ನ ನಾಲ್ಕು ಗಂಟೆ. ಲ್ಯಾಬಿನ ಒಳಬಾಗಿಲು ದಡಾರನೆ ತೆರೆಯಿತು. ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುತ್ತಿದ್ದವನು ಬೆಚ್ಚಿ ಎದ್ದು ನಿಂತ.

"ನಿಮಗೆ ಬುದ್ಧಿ ಇದೆಯಾ?" ಎಂದಳು ಅವಳು. ಕೈಯಲ್ಲಿ ಬುಟ್ಟಿ. "ಕಣ್ಣಿಗೆ ಬೀಳಬೇಡಿ ಅಂದ್ರೆ ನಿಜವಾಗ್ಲೂ ಬೀಳದೆ ಇರೋದಾ?"

"ಈ ಸಲವಾದ್ರೂ ಮಾತನ್ನ ಸರಿಯಾಗಿ ಪಾಲಿಸೋಣ ಅಂತ..."

"ಅಂಗಡಿಗೆ ಬಂದಾಗ ಕ್ಷಮಿಸಿ ಅನ್ನೋಕೆ ಏನಾಗಿತ್ತು?"

"ನಿಮ್ಮ ಕೈಲಿ ಸುತ್ತಿಗೆ ಇತ್ತು."

ನಗು ಬಂತು. ಬರಬಾರದಿತ್ತು! ಅವಳು ತುಟಿ ಕಚ್ಚಿಕೊಂಡಳು. "ಕಾರ್ಡಲ್ಲೂ ತಪ್ಪು ಮಾಡಿದ್ದೀರಿ. ಮಾಚಾ ಹದಿನೇಳಲ್ಲ, ಹತ್ತೊಂಬತ್ತು! ಬನ್ನಿ ಆಚೆಗೆ, ತೋರಿಸ್ತೀನಿ."

ಲ್ಯಾಬಿನ ಒಳಗೆ ಏನನ್ನೂ ಕುಡಿಯುವಂತಿರಲಿಲ್ಲ. ಹಿಂಬಾಗಿಲಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ಅವಳು ಪುಡಿ ಜಾಲಿಸಿದಳು, ಫ್ಲಾಸ್ಕಿನ ಹದವಾದ ನೀರು ಸುರಿದು ಬಡಿದಳು. ಈ ಸಲ ಅರ್ಧ ನಿಮಿಷ ಸಾಕಾಯಿತು. ಸ್ಟ್ರಾಬೆರಿ, ಹಾಲು, ಮೇಲೆ ಹಸಿರು. ಲೋಟದ ಪಕ್ಕಕ್ಕೆ ಬಣ್ಣದ ಕಾರ್ಡ್ ಹಿಡಿದಳು. ಹತ್ತೊಂಬತ್ತನೇ ಚೌಕವೂ ಲೋಟದ ಹಸಿರೂ ಒಂದಕ್ಕೊಂದು ಸೇರಿಹೋದವು.

"ನೋಡಿದ್ರಾ?"

"ನೋಡಿದೆ," ಎಂದ. ಅವನು ಕಾರ್ಡ್ ನೋಡುತ್ತಿರಲಿಲ್ಲ.

"ಊಟ ಆಗಿ ಎರಡು ಗಂಟೆ ಆಯ್ತಾ? ಮಾತ್ರೆ ಏನಾದ್ರೂ ತಗೋತೀರಾ?"

"ಆಯ್ತು. ಇಲ್ಲ."

"ಹಾಗಾದ್ರೆ ಕುಡಿಯಿರಿ."

ಅವನು ಒಂದು ಗುಟುಕು ಕುಡಿದ. ಮೇಲ್ತುಟಿಗೆ ನೊರೆ ಅಂಟಿತು. "ಅವತ್ತು ಚೆಲ್ಲಿದ್ದು ಇದಾ? ಪಾಪ ಮಾಡಿದೆ ನಾನು."

"ಅವತ್ತು ನಾನು ಆಡಿದ ಮಾತೂ ಹೆಚ್ಚಾಯ್ತು. ನನ್ನ ಮೇಲಿನ ಸಿಟ್ಟನ್ನೆಲ್ಲ ನಿಮ್ಮ ಮೇಲೆ ಹಾಕಿದೆ." ಅವಳ ದನಿ ಮೊದಲ ಬಾರಿಗೆ ಇಳಿಯಿತು. "ಇಷ್ಟೂ ವಾರ ನಿಮ್ಮನ್ನ ಬೈಯದ ದಿನ ಇಲ್ಲ. ಅಂದ್ರೆ... ನೆನಪು ಮಾಡ್ಕೊಳ್ಳದ ದಿನವೂ ಇಲ್ಲ."

ಅವನು ಲೋಟ ಕೆಳಗಿಟ್ಟ.

"ದಿನಕ್ಕೆ ನೂರು ಜನರ ಸಂಖ್ಯೆ ಬರೀತೀನಿ. ಸಂಜೆಗೆ ಒಂದೂ ನೆನಪಿರಲ್ಲ. ನಿಮ್ಮ ಹದಿಮೂರು ಪಾಯಿಂಟ್ ಒಂದು ಮಾತ್ರ ಹೋಗ್ತಾನೇ ಇಲ್ಲ."

ಅವಳ ಕೆನ್ನೆಗೆ ಏರಿದ ಬಣ್ಣಕ್ಕೆ ಅಂಗಡಿಯ ಯಾವ ಕಾರ್ಡಿನಲ್ಲೂ ನಂಬರ್ ಇರಲಿಲ್ಲ.

"ಕೈ ಕೊಡಿ," ಎಂದಳು.

"ಯಾತಕ್ಕೆ?"

"ಇದನ್ನೂ ಬಿಡಿಸಿ ಹೇಳ್ಬೇಕಾ?" ಮತ್ತೆ ಆ ಕೋಪ, ಆದರೆ ಕಣ್ಣಿನಲ್ಲಿ ನೀರು.

"ಹೇಳಿಬಿಡಿ. ಅರ್ಧ ಮಾತಿಂದ ಒಂದು ಸಲ ಕೆಟ್ಟಿದ್ದೀವಿ. ಈ ಸಲ ಪೂರ್ತಿ ಹೇಳಿ."

"ಇಟ್ಕೊಳ್ಳೋಕೆ. ವಾಪಸ್ ಕೊಡಲ್ಲ."

ಅವನು ಕೈ ಚಾಚಿದ. ನೀಲಿ ಉಗುರಿನ ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡವು.

"ಮೂಗಿನ ಮೇಲೆ ಏನೋ ಹಸಿರಿದೆ," ಎಂದ ಮೆಲ್ಲಗೆ.

"ಯಾವ ಹಸಿರು?"

"ಹತ್ತೊಂಬತ್ತು."